ಕರಾವಳಿಯ ಪ್ರವಾಸೋದ್ಯಮದಲ್ಲಿ ಇಂಧನ ವೆಚ್ಚ: ಅಗ್ಗದ ದರವೂ ನಿಜವಾದ ಉಳಿತಾಯವೂ

ಕರಾವಳಿಯ ಪ್ರವಾಸೋದ್ಯಮವು ಎಂಟು ತಿಂಗಳ ವ್ಯಾಪಾರ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಗಳಿಸಿದ್ದರಲ್ಲಿಯೇ ಮಳೆಗಾಲದ ನಾಲ್ಕು ತಿಂಗಳ ಸಂಬಳ, ಬಾಡಿಗೆ ಹಾಗೂ ಬ್ಯಾಂಕಿನ ಕಂತುಗಳನ್ನು ನಿಭಾಯಿಸಬೇಕಾಗುತ್ತದೆ. ಇಂತಹ ವ್ಯಾಪಾರದಲ್ಲಿ ಇಂಧನದ ವೆಚ್ಚವು ಕಣ್ಣಿಗೆ ಬೀಳದೆ ಬೆಳೆಯುವ ಬಾಬು. ತಲಪಾಡಿಯಿಂದ ಮಾಜಾಳಿಯವರೆಗಿನ ಮೂರು ಜಿಲ್ಲೆಗಳಲ್ಲಿ ವಸತಿಗೃಹದ ಬಿಸಿನೀರು, ಖಾನಾವಳಿಯ ಒಲೆ, ಬೇಕರಿಯ ಭಟ್ಟಿ, ಪ್ರವಾಸಿಗರನ್ನು ಕರೆದೊಯ್ಯುವ ಟೆಂಪೊ, ದ್ವೀಪಕ್ಕೆ ಹೋಗುವ ದೋಣಿ, ವಿದ್ಯುತ್ ಹೋದಾಗ ಓಡುವ ಜನರೇಟರ್ ಇವೆಲ್ಲವೂ ಒಂದಲ್ಲ ಒಂದು ಇಂಧನವನ್ನು ಅವಲಂಬಿಸಿವೆ.

ವೆಚ್ಚ ಏರಿದಾಗ ಉದ್ಯಮಿಯ ಮೊದಲ ಪ್ರಶ್ನೆ 'ಎಲ್ಲಿ ಅಗ್ಗವಾಗಿ ಸಿಗುತ್ತದೆ?' ಎಂಬುದು. ಪ್ರಶ್ನೆ ಸಹಜವಾದದ್ದೇ. ಆದರೆ ಲೀಟರಿಗೆ ಅಥವಾ ಕಿಲೋಗೆ ಕಡಿಮೆ ದರವಿರುವ ಇಂಧನವೇ ಅಗ್ಗದ ಇಂಧನವೆಂದು ಹೇಳಲಾಗದು. ಒಂದು ಬಕೆಟ್ ಬಿಸಿನೀರಿಗೆ, ಒಂದು ಯೂನಿಟ್ ವಿದ್ಯುತ್ತಿಗೆ, ಒಂದು ಕಿಲೋಮೀಟರ್ ಪ್ರಯಾಣಕ್ಕೆ ಎಷ್ಟು ಖರ್ಚಾಯಿತು ಎಂಬುದೇ ನಿಜವಾದ ದರ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಕರಾವಳಿಯ ಉದಾಹರಣೆಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗಳಲ್ಲಿ ಬಳಸಿದ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಓದುಗರು ತಮ್ಮ ಊರಿನ ಆ ದಿನದ ದರವನ್ನು ಅದೇ ಸೂತ್ರಕ್ಕೆ ಹಾಕಿಕೊಳ್ಳಬಹುದು.

ದರ ವ್ಯತ್ಯಾಸದ ಮೂಲ

ಪೆಟ್ರೋಲ್ ಮತ್ತು ಡೀಸೆಲ್‌ನ ಚಿಲ್ಲರೆ ದರದಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ: ತೈಲ ಕಂಪೆನಿಯ ಮೂಲ ಬೆಲೆ ಹಾಗೂ ಸಾಗಾಣಿಕೆ, ಕೇಂದ್ರ ಸರ್ಕಾರದ ಅಬಕಾರಿ ಸುಂಕ, ಬಂಕ್ ಮಾಲೀಕರ ಕಮಿಷನ್ ಮತ್ತು ರಾಜ್ಯ ಸರ್ಕಾರದ ಮಾರಾಟ ತೆರಿಗೆ. ಕೇಂದ್ರದ ಸುಂಕ ದೇಶದಾದ್ಯಂತ ಒಂದೇ. ಆದುದರಿಂದ ರಾಜ್ಯದಿಂದ ರಾಜ್ಯಕ್ಕೆ ಕಾಣುವ ವ್ಯತ್ಯಾಸಕ್ಕೆ ಮಾರಾಟ ತೆರಿಗೆಯೇ ಪ್ರಮುಖ ಕಾರಣ. ಕರ್ನಾಟಕದಲ್ಲಿ ಈ ತೆರಿಗೆಯನ್ನು ಶೇಕಡಾವಾರು ಲೆಕ್ಕದಲ್ಲಿ ವಿಧಿಸುವುದರಿಂದ, ಮೂಲ ಬೆಲೆ ಏರಿದಾಗ ತೆರಿಗೆಯ ಮೊತ್ತವೂ ತಾನಾಗಿಯೇ ಏರುತ್ತದೆ.

ತೆರಿಗೆಯ ನಿರ್ಧಾರಗಳು ಎಷ್ಟು ಬೇಗ ಬದಲಾಗುತ್ತವೆ ಎಂಬುದಕ್ಕೆ ಇತ್ತೀಚಿನ ಇತಿಹಾಸವೇ ಸಾಕ್ಷಿ. 2021ರ ನವೆಂಬರಿನಲ್ಲಿ ಕೇಂದ್ರವು ಅಬಕಾರಿ ಸುಂಕವನ್ನು ಇಳಿಸಿದಾಗ ಕರ್ನಾಟಕವೂ ತನ್ನ ಪಾಲಿನಿಂದ ಲೀಟರಿಗೆ 7 ರೂ. ಇಳಿಸಿತು. 2024ರ ಜೂನ್ ತಿಂಗಳಲ್ಲಿ ರಾಜ್ಯದ ತೆರಿಗೆ ಪೆಟ್ರೋಲಿಗೆ ಶೇ. 25.92ರಿಂದ 29.84ಕ್ಕೂ, ಡೀಸೆಲಿಗೆ ಶೇ. 14.34ರಿಂದ 18.44ಕ್ಕೂ ಏರಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ತೆರಿಗೆ ಶೇ. 21.17 ಆಯಿತು.

ನೆರೆಯ ರಾಜ್ಯಗಳ ಚಿತ್ರ ಬೇರೆ. 2012ರ ಏಪ್ರಿಲಿನಲ್ಲಿ ಗೋವೆಯು ಪೆಟ್ರೋಲಿನ ಮೌಲ್ಯವರ್ಧಿತ ತೆರಿಗೆಯನ್ನು ಶೇ. 0.1ಕ್ಕೆ ಇಳಿಸಿದಾಗ ಅಲ್ಲಿ ಲೀಟರಿನ ದರ ಸುಮಾರು 11 ರೂ. ಕುಸಿಯಿತು, ಬಳಿಕ ತೆರಿಗೆ ಮತ್ತೆ ಏರುತ್ತಾ ಬಂದಿತು. 2023ರ ಏಪ್ರಿಲಿನಿಂದ ಕೇರಳವು ಪೆಟ್ರೋಲ್ ಹಾಗೂ ಡೀಸೆಲ್ ಮೇಲೆ ಲೀಟರಿಗೆ 2 ರೂ. ಸಾಮಾಜಿಕ ಭದ್ರತಾ ಸೆಸ್ ವಿಧಿಸಿತು. ಇದರ ಫಲವಾಗಿ 2025ರಲ್ಲಿ ನಮ್ಮ ಕರಾವಳಿಯ ಎರಡು ತುದಿಗಳಲ್ಲಿ ಎರಡು ಬಗೆಯ ವ್ಯವಹಾರ ಕಂಡುಬಂದಿತು. ದಕ್ಷಿಣದ ತಲಪಾಡಿಯಲ್ಲಿ ಕಾಸರಗೋಡಿನ ಕಡೆಯ ವಾಹನಗಳು ಇತ್ತ ಬಂದು ಟ್ಯಾಂಕ್ ತುಂಬಿಸಿಕೊಂಡರೆ, ಉತ್ತರದ ಮಾಜಾಳಿಯಲ್ಲಿ ಕಾರವಾರದ ವಾಹನಗಳು ಗಡಿ ದಾಟಿ ಗೋವೆಯ ಬಂಕ್‌ಗಳ ಕಡೆಗೆ ಮುಖ ಮಾಡಿದವು. ರಾಜ್ಯದೊಳಗೂ ಡಿಪೋದಿಂದ ಇರುವ ದೂರಕ್ಕೆ ಅನುಗುಣವಾಗಿ ಊರಿಂದೂರಿಗೆ ದರದಲ್ಲಿ ಪೈಸೆಗಳ, ಕೆಲವೊಮ್ಮೆ ರೂಪಾಯಿಯ ವ್ಯತ್ಯಾಸ ಇರುತ್ತದೆ.

ಇಂತಹ ಅನುಕೂಲವು ಶಾಶ್ವತವಲ್ಲ. ಒಂದು ಅಧಿಸೂಚನೆಯಿಂದ ರಾತ್ರೋರಾತ್ರಿ ಅದು ಮಾಯವಾಗಬಹುದು. ಗಡಿಯ ದರವನ್ನು ನೆಚ್ಚಿಕೊಂಡು ವರ್ಷದ ಬಾಡಿಗೆ ಕರಾರು ಮಾಡಿಕೊಳ್ಳುವುದು ವಿವೇಕವಲ್ಲ.

ಗಡಿ ದಾಟುವ ಲೆಕ್ಕ

ಒಂದು ಟೆಂಪೊ ಟ್ರಾವೆಲರ್ ಲೀಟರಿಗೆ 10 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. ಡೀಸೆಲ್ ದರ 90 ರೂ., ಗಡಿಯಾಚೆ ಲೀಟರಿಗೆ 3 ರೂ. ಕಡಿಮೆ, ತುಂಬಿಸುವ ಪ್ರಮಾಣ 50 ಲೀಟರ್. ದರದಲ್ಲಿ ಆಗುವ ಉಳಿತಾಯ 150 ರೂ. ಆ ಬಂಕ್ 15 ಕಿ.ಮೀ. ದೂರದಲ್ಲಿದ್ದರೆ ಹೋಗಿಬರುವ 30 ಕಿ.ಮೀ.ಗೆ 3 ಲೀಟರ್ ಡೀಸೆಲ್, ಅಂದರೆ 270 ರೂ. ಖರ್ಚು. ಹೀಗಾಗಿ 150 ರೂ. ಉಳಿಸಲು ಹೋದವನು 120 ರೂ. ಕಳೆದುಕೊಂಡು ಹಿಂತಿರುಗುತ್ತಾನೆ. ಚಾಲಕನ ಒಂದು ಗಂಟೆಯ ಕೂಲಿ ಹಾಗೂ ಟಯರಿನ ಸವೆತ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇದೇ ಅಂಕಿಗಳ ಪ್ರಕಾರ ವಾಹನಕ್ಕೆ ಕಿಲೋಮೀಟರಿಗೆ 9 ರೂ. ಇಂಧನ ತಗಲುತ್ತದೆ. 150 ರೂ.ಗಳನ್ನು 9ರಿಂದ ಭಾಗಿಸಿದರೆ ಸುಮಾರು 16 ಕಿ.ಮೀ. ಬರುತ್ತದೆ. ಅಂದರೆ ಒಂದು ಕಡೆಗೆ 8 ಕಿ.ಮೀ. ದಾಟಿದ ಮೇಲೆ ಲಾಭವೇ ಉಳಿಯುವುದಿಲ್ಲ. ಸೂತ್ರ ಸರಳವಾಗಿದೆ: ಲೀಟರಿನ ಉಳಿತಾಯವನ್ನು ತುಂಬಿಸುವ ಲೀಟರುಗಳಿಂದ ಗುಣಿಸಿ, ಬಂದ ಮೊತ್ತವನ್ನು ಕಿಲೋಮೀಟರಿನ ಇಂಧನ ವೆಚ್ಚದಿಂದ ಭಾಗಿಸಬೇಕು, ಅದರ ಅರ್ಧವೇ ಹೋಗಬಹುದಾದ ಗರಿಷ್ಠ ದೂರ.

ಆದರೆ ವಾಹನವು ಪ್ರವಾಸಿಗರನ್ನು ಕರೆದುಕೊಂಡು ಹೇಗೂ ಗೋವೆಗೆ ಹೋಗುವುದಿದ್ದರೆ ಆ 150 ರೂ. ಪೂರ್ತಿ ಉಳಿತಾಯ. ಟ್ಯಾಂಕಿನಲ್ಲಿ ಅಗತ್ಯವಿದ್ದಷ್ಟೇ ಇಂಧನದೊಂದಿಗೆ ಹೊರಟು, ಹಿಂತಿರುಗುವಾಗ ತುಂಬಿಸಿಕೊಂಡು ಬರುವ ಕ್ರಮ ಇಲ್ಲಿ ಉಪಯುಕ್ತ. ಹೀಗೆ ಇಂಧನಕ್ಕಾಗಿ ಪ್ರಯಾಣ ಹೊರಡದೆ, ಪ್ರಯಾಣದ ಹಾದಿಯಲ್ಲಿ ಸಿಗುವ ಅಗ್ಗದ ಇಂಧನವನ್ನು ಪಡೆಯುವುದೇ ಲಾಭದಾಯಕ.

ತುಂಬಿಸಿಕೊಳ್ಳುವುದು ವಾಹನದ ಟ್ಯಾಂಕಿಗೆ ಮಾತ್ರ ಎಂಬುದನ್ನೂ ಗಮನಿಸಬೇಕು. ಕ್ಯಾನುಗಳಲ್ಲಿ ಸಾಗಿಸಿ ದಾಸ್ತಾನು ಮಾಡುವುದು ಪೆಟ್ರೋಲಿಯಂ ಅಧಿನಿಯಮ, 1934ರ ವ್ಯಾಪ್ತಿಗೆ ಬರುತ್ತದೆ. ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಗರಿಷ್ಠ ಪ್ರಮಾಣ 30 ಲೀಟರ್. ಡೀಸೆಲಿಗೆ ಈ ಮಿತಿ ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್. ಅದರಲ್ಲಿಯೂ ಯಾವುದೇ ಒಂದು ಪಾತ್ರೆ 1,000 ಲೀಟರಿಗಿಂತ ದೊಡ್ಡದಾಗಿರಬಾರದು.

ತೆರಿಗೆಯ ಜಮೆ: ಒಂದೇ ಬಿಲ್ಲು, ಎರಡು ವೆಚ್ಚ

2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಪೆಟ್ರೋಲ್, ಡೀಸೆಲ್ ಹಾಗೂ ನೈಸರ್ಗಿಕ ಅನಿಲವನ್ನು ಅದರ ಹೊರಗೆ ಇರಿಸಲಾಯಿತು. ಇವುಗಳ ಮೇಲೆ ತೆತ್ತ ತೆರಿಗೆಗೆ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ, ಅಂದರೆ ವರ್ತಕರು ಇನ್‌ಪುಟ್ ಕ್ರೆಡಿಟ್ ಎಂದು ಕರೆಯುವ ಸೌಲಭ್ಯ, ದೊರೆಯುವುದಿಲ್ಲ. ವಾಣಿಜ್ಯ ಬಳಕೆಯ ಅಡುಗೆ ಅನಿಲವಾದರೋ ಜಿಎಸ್‌ಟಿಯ ಒಳಗಿದೆ, ಅದಕ್ಕೆ ಶೇ. 18ರ ತೆರಿಗೆ ಇದೆ.

19 ಕಿಲೋ ಸಿಲಿಂಡರಿನ ಮೂಲ ಬೆಲೆ 1,500 ರೂ., ತೆರಿಗೆ 270 ರೂ., ಒಟ್ಟು 1,770 ರೂ. ಎಂದುಕೊಳ್ಳೋಣ. ತೆರಿಗೆ ಇರುವ ತಿನಿಸುಗಳನ್ನು ತಯಾರಿಸಿ ಮಾರುವ ನೋಂದಾಯಿತ ಸಣ್ಣ ಕಾರ್ಖಾನೆಯು ಆ 270 ರೂ.ಗಳನ್ನು ತಾನು ಕಟ್ಟಬೇಕಾದ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಅದರ ಪಾಲಿಗೆ ಸಿಲಿಂಡರಿನ ವೆಚ್ಚ 1,500 ರೂ. ಮಾತ್ರ. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಉಪಾಹಾರ ಗೃಹಕ್ಕೆ ಜಮೆಯ ಸೌಲಭ್ಯವಿಲ್ಲ. ಅದಕ್ಕೆ 1,770 ರೂ. ಪೂರ್ತಿ ವೆಚ್ಚ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ತಯಾರಕರ ಸ್ಥಿತಿಯೂ ಇದೇ.

ಆದ್ದರಿಂದ ಪಕ್ಕದ ಅಂಗಡಿಯವರಿಗೆ ಅಗ್ಗವಾದ ಇಂಧನ ತನಗೂ ಅಗ್ಗವೆಂದು ಭಾವಿಸುವ ಮುನ್ನ ಲೆಕ್ಕಪರಿಶೋಧಕರಲ್ಲಿ ಒಂದು ಮಾತು ವಿಚಾರಿಸುವುದು ಒಳಿತು. ಜಮೆ ಪಡೆಯಲು ಅರ್ಹರಾಗಿದ್ದೂ ಸಿಲಿಂಡರಿನ ಬಿಲ್ಲಿನಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆಯನ್ನು ನಮೂದಿಸದೆ ಹಣ ಕಳೆದುಕೊಳ್ಳುವುದು ತಪ್ಪಿಸಬಹುದಾದ ನಷ್ಟ.

ಉಪಯುಕ್ತ ಶಾಖದ ಲೆಕ್ಕ

ಒಲೆ ಹಾಗೂ ಬಾಯ್ಲರಿನ ವಿಷಯದಲ್ಲಿ ಕಿಲೋ ದರಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಒಂದು ಕಿಲೋ ಅನಿಲದಲ್ಲಿರುವ ಶಾಖವೇ ಬೇರೆ, ಒಂದು ಕಿಲೋ ಸೌದೆಯಲ್ಲಿರುವ ಶಾಖವೇ ಬೇರೆ. ಅದರಲ್ಲಿ ಪಾತ್ರೆಗೆ ತಲುಪುವ ಪಾಲು ಒಲೆಯ ದಕ್ಷತೆಯನ್ನು ಅವಲಂಬಿಸಿರುತ್ತದೆ. ಇಂಧನದ ಉಷ್ಣಮೌಲ್ಯವನ್ನು ದಕ್ಷತೆಯಿಂದ ಗುಣಿಸಿದರೆ ಉಪಯುಕ್ತ ಶಾಖ ದೊರೆಯುತ್ತದೆ. ಸ್ಥೂಲ ಅಂಕಿಗಳನ್ನು ಇಟ್ಟುಕೊಂಡು, 1,000 ಕಿಲೋ ಕ್ಯಾಲೊರಿ ಉಪಯುಕ್ತ ಶಾಖಕ್ಕೆ ತಗಲುವ ವೆಚ್ಚವನ್ನು ಹೀಗೆ ಲೆಕ್ಕ ಹಾಕಬಹುದು:

1. ವಾಣಿಜ್ಯ ಅಡುಗೆ ಅನಿಲ: ಕಿಲೋಗೆ 93 ರೂ., ಉಷ್ಣಮೌಲ್ಯ 11,000, ಒಲೆಯ ದಕ್ಷತೆ ಶೇ. 60. ವೆಚ್ಚ ಸುಮಾರು 14 ರೂ. ತೆರಿಗೆ ಜಮೆ ದೊರೆತರೆ 12 ರೂ.

2. ಒಣ ಸೌದೆ, ಹಳೆಯ ಬಗೆಯ ತೆರೆದ ಒಲೆ: ಕಿಲೋಗೆ 6 ರೂ., ಉಷ್ಣಮೌಲ್ಯ 3,500, ದಕ್ಷತೆ ಶೇ. 15. ವೆಚ್ಚ ಸುಮಾರು 11.40 ರೂ.

3. ಅದೇ ಒಣ ಸೌದೆ, ಸುಧಾರಿತ ಒಲೆ: ದಕ್ಷತೆ ಶೇ. 25. ವೆಚ್ಚ ಸುಮಾರು 6.90 ರೂ.

4. ಹಸಿ ಸೌದೆ, ತೆರೆದ ಒಲೆ: ಕಿಲೋಗೆ 6 ರೂ., ಉಷ್ಣಮೌಲ್ಯ 2,500, ದಕ್ಷತೆ ಶೇ. 12. ವೆಚ್ಚ 20 ರೂ.

5. ಡೀಸೆಲ್ ಬಾಯ್ಲರ್: ಲೀಟರಿಗೆ 90 ರೂ., ಲೀಟರಿನ ಉಷ್ಣಮೌಲ್ಯ 8,700, ದಕ್ಷತೆ ಶೇ. 80. ವೆಚ್ಚ ಸುಮಾರು 13 ರೂ.

6. ಸಸ್ಯತ್ಯಾಜ್ಯದ ಬ್ರಿಕೆಟ್, ಬಾಯ್ಲರ್: ಕಿಲೋಗೆ 9 ರೂ., ಉಷ್ಣಮೌಲ್ಯ 4,000, ದಕ್ಷತೆ ಶೇ. 65. ವೆಚ್ಚ ಸುಮಾರು 3.50 ರೂ.

7. ವಿದ್ಯುತ್ ಗೀಸರ್: ಯೂನಿಟ್ಟಿಗೆ 8 ರೂ., ಯೂನಿಟ್ಟಿನ ಶಾಖ 860, ದಕ್ಷತೆ ಶೇ. 90. ವೆಚ್ಚ ಸುಮಾರು 10.30 ರೂ.

8. ಹೀಟ್ ಪಂಪ್: ಸುತ್ತಲಿನ ಗಾಳಿಯ ಶಾಖವನ್ನು ನೀರಿಗೆ ವರ್ಗಾಯಿಸುವ ಈ ಯಂತ್ರವು ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ವೆಚ್ಚ ಸುಮಾರು 3.10 ರೂ.

ಈ ಪಟ್ಟಿಯಲ್ಲಿ ಕರಾವಳಿಯ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದದ್ದು ನಾಲ್ಕನೆಯ ಸಾಲು. ಕಿಲೋಗೆ 6 ರೂ. ಎಂಬ ಒಂದೇ ದರದಲ್ಲಿ ಕೊಂಡ ಸೌದೆ, ಒಣಗಿದ್ದಾಗ ಅನಿಲಕ್ಕಿಂತ ಅಗ್ಗ. ಹಸಿಯಾಗಿದ್ದಾಗ ಅನಿಲಕ್ಕಿಂತ ದುಬಾರಿ. ಹಸಿ ಸೌದೆ ಕೊಳ್ಳುವವರು ನೀರಿಗೂ ಸೌದೆಯ ಬೆಲೆ ತೆರುತ್ತಾರೆ; ಆ ನೀರನ್ನು ಆವಿಯಾಗಿಸಲು ಮತ್ತೆ ಸೌದೆಯನ್ನೇ ಸುಡುತ್ತಾರೆ. ಜೂನ್ ತಿಂಗಳ ಮಳೆಗೆ ಮುನ್ನ, ಬೇಸಿಗೆಯಲ್ಲಿಯೇ ಸೌದೆ ಕೊಂಡು, ನೆಲದಿಂದ ಮೇಲೆ ಜೋಡಿಸಿ, ಮಾಡಿನ ಕೆಳಗೆ ಗಾಳಿಯಾಡುವಂತೆ ಇಡುವ ಹಿರಿಯರ ರೂಢಿ ಅಪ್ಪಟ ವ್ಯಾಪಾರಿ ಲೆಕ್ಕಾಚಾರವೇ ಆಗಿತ್ತು.

ಕರಾವಳಿಯಲ್ಲಿ ಸೌದೆಗೆ ಬದಲಿ ವಸ್ತುಗಳಿಗೂ ಕೊರತೆಯಿಲ್ಲ. ತೆಂಗಿನ ಗೆರಟೆ, ಕುಚ್ಚಲಕ್ಕಿ ಗಿರಣಿಗಳ ಉಮಿ, ಮರದ ಮಿಲ್ಲುಗಳ ಹೊಟ್ಟು, ಗೇರು ಕಾರ್ಖಾನೆಗಳ ಸಿಪ್ಪೆ ಇವೆಲ್ಲ ಇಲ್ಲಿಯೇ ಸಿಗುವ ಇಂಧನಗಳು. ಗೇರು ಸಿಪ್ಪೆಯಲ್ಲಿರುವ ಎಣ್ಣೆಯಿಂದಾಗಿ ಅದರ ಹೊಗೆ ಚರ್ಮ ಹಾಗೂ ಉಸಿರಿಗೆ ತೊಂದರೆ ಕೊಡುವಂಥದ್ದು. ಎಣ್ಣೆ ತೆಗೆದ ಬಳಿಕ ಉಳಿಯುವ ಹಿಂಡಿಯನ್ನು ತಕ್ಕ ಬಾಯ್ಲರಿನಲ್ಲಿ ಮಾತ್ರ ಉರಿಸುವುದು ಉಚಿತ. ಖಾನಾವಳಿಯ ತೆರೆದ ಒಲೆಗೆ ಅದು ಸಲ್ಲದು. ಘನ ಇಂಧನದ ಲೆಕ್ಕಕ್ಕೆ ಒಲೆ ನೋಡಿಕೊಳ್ಳುವವರ ಕೂಲಿ, ಬೂದಿ ವಿಲೇವಾರಿ, ದಾಸ್ತಾನಿನ ಜಾಗ ಇವುಗಳನ್ನೂ ಸೇರಿಸಬೇಕು. ಸಮುದ್ರಕ್ಕೆ ಮುಖ ಮಾಡಿದ ಕೊಠಡಿಗೆ ಹಣ ಕೊಟ್ಟ ಅತಿಥಿಯ ಕಿಟಕಿಗೆ ಹೊಗೆ ನುಗ್ಗಿದರೆ ಉಳಿತಾಯದ ಮಾತೇ ಉಳಿಯದು.

ನೈಸರ್ಗಿಕ ಅನಿಲವೂ ಈಗ ಕರಾವಳಿಗೆ ಬಂದಿದೆ. ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ-ಮಂಗಳೂರು ಕೊಳವೆ ಮಾರ್ಗವು 2021ರ ಜನವರಿ 5ರಂದು ಲೋಕಾರ್ಪಣೆಗೊಂಡಿತು. ಕೊಳವೆ ಅನಿಲ ತಲುಪಿರುವ ಬೀದಿಯ ಉದ್ಯಮಿಗಳು ಅದರ ಘನಮೀಟರ್ ದರವನ್ನು ಸಿಲಿಂಡರಿನ ಕಿಲೋ ದರದೊಂದಿಗೆ ನೇರವಾಗಿ ಹೋಲಿಸಬಾರದು. ಒಂದು ಘನಮೀಟರಿಗೆ ಸುಮಾರು 8,500 ಕಿಲೋ ಕ್ಯಾಲೊರಿ ಎಂದು ಹಿಡಿದು ಮೇಲಿನ ಕ್ರಮದಲ್ಲಿಯೇ ಹೋಲಿಸಬೇಕು. ಜಮೆಯ ಸೌಲಭ್ಯ ಇದಕ್ಕಿಲ್ಲ ಎಂಬುದೂ ನೆನಪಿನಲ್ಲಿರಲಿ.

ವಸತಿಗೃಹದ ಬಿಸಿನೀರು: ಒಂದು ಉದಾಹರಣೆ

ಇಪ್ಪತ್ತು ಕೊಠಡಿಗಳ ವಸತಿಗೃಹವೊಂದಕ್ಕೆ ದಿನಕ್ಕೆ 2,000 ಲೀಟರ್ ಬಿಸಿನೀರು ಬೇಕು. 27 ಡಿಗ್ರಿ ಸೆಲ್ಸಿಯಸ್ ನೀರನ್ನು 55 ಡಿಗ್ರಿಗೆ ಏರಿಸಬೇಕು ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋ ಕ್ಯಾಲೊರಿ ಬೇಕು. ಅಂದರೆ ದಿನಕ್ಕೆ 56,000 ಕಿಲೋ ಕ್ಯಾಲೊರಿ. ಮೇಲಿನ ದರಗಳಂತೆ ಇದಕ್ಕೆ ಡೀಸೆಲ್ ಬಾಯ್ಲರಿನಲ್ಲಿ ಸುಮಾರು 724 ರೂ., ವಿದ್ಯುತ್ ಗೀಸರಿನಲ್ಲಿ 579 ರೂ., ಬ್ರಿಕೆಟ್ ಬಾಯ್ಲರಿನಲ್ಲಿ 194 ರೂ., ಹೀಟ್ ಪಂಪಿನಲ್ಲಿ 174 ರೂ. ತಗಲುತ್ತದೆ.

ಡೀಸೆಲ್‌ನಿಂದ ಹೀಟ್ ಪಂಪಿಗೆ ಬದಲಾಯಿಸಿದರೆ ದಿನಕ್ಕೆ 550 ರೂ. ಉಳಿತಾಯ. ಹಂಗಾಮಿನ 240 ದಿನಗಳಿಗೆ 1,32,000 ರೂ. ಯಂತ್ರಕ್ಕೆ 3 ಲಕ್ಷ ರೂ. ತಗಲಿದರೆ ಎರಡು ಕಾಲು ವರ್ಷದಲ್ಲಿ ಬಂಡವಾಳ ಹಿಂತಿರುಗುತ್ತದೆ ಎಂದು ಮಾರಾಟಗಾರನು ತೋರಿಸುತ್ತಾನೆ. ಆದರೆ ಈ ಲೆಕ್ಕ ಎಲ್ಲ ಕೊಠಡಿಗಳೂ ಎಲ್ಲ ದಿನವೂ ತುಂಬಿರುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ಸರಾಸರಿ ಅರ್ಧದಷ್ಟೇ ತುಂಬಿದರೆ ಉಳಿತಾಯ 66,000 ರೂ.ಗೆ ಇಳಿದು ಬಂಡವಾಳ ಮರಳಲು ನಾಲ್ಕೂವರೆ ವರ್ಷ ಬೇಕಾಗುತ್ತದೆ. ಅದಕ್ಕೆ ಸಾಲದ ಬಡ್ಡಿಯೂ ಸೇರುತ್ತದೆ. ಉಪ್ಪುಗಾಳಿಯಿಂದ ಲೋಹಕ್ಕೆ ಹಿಡಿಯುವ ತುಕ್ಕಿನ ದುರಸ್ತಿಯೂ ಸೇರುತ್ತದೆ. ಹಾಗಿದ್ದರೂ ಹೂಡಿಕೆ ಲಾಭಕರವಾಗಬಹುದು. ಆದರೆ ನಿರ್ಧಾರವು ಮಾರಾಟಗಾರನ ಕರಪತ್ರದ ಮೇಲಲ್ಲ, ತನ್ನ ಕೊಠಡಿ ದಾಖಲೆ ಪುಸ್ತಕದ ಮೇಲೆ ನಿಲ್ಲಬೇಕು. ಬಿಸಿಲು ಹೇರಳವಾಗಿರುವ ಹಂಗಾಮಿನಲ್ಲಿಯೇ ಅತಿಥಿಗಳು ಹೆಚ್ಚಾಗಿ ಬರುವುದರಿಂದ ಸೌರ ಜಲತಾಪಕವೂ ಇದೇ ರೀತಿಯಲ್ಲಿ ಪರಿಶೀಲಿಸಲು ಯೋಗ್ಯ.

ಜನರೇಟರ್ ಮತ್ತು ದೋಣಿ

ಡೀಸೆಲ್ ಜನರೇಟರ್ ತಕ್ಕ ಹೊರೆಯಲ್ಲಿ ಓಡುವಾಗ ಲೀಟರಿಗೆ ಸುಮಾರು 3.3 ಯೂನಿಟ್ ವಿದ್ಯುತ್ ಕೊಡುತ್ತದೆ. ಲೀಟರಿಗೆ 90 ರೂ. ಆದರೆ ಯೂನಿಟ್ಟಿಗೆ 27 ರೂ. ದೊಡ್ಡ ಜನರೇಟರನ್ನು ಕೆಲವೇ ದೀಪ ಮತ್ತು ಫ್ಯಾನುಗಳಿಗಾಗಿ ಓಡಿಸಿದರೆ ಲೀಟರಿಗೆ ಎರಡು ಯೂನಿಟ್ ಬರುವುದೂ ಕಷ್ಟವಾಗಬಹುದು. ಆಗ ಯೂನಿಟ್ಟಿನ ವೆಚ್ಚ 45 ರೂ. ದಾಟುತ್ತದೆ. ಇಂತಲ್ಲಿ ಲೀಟರಿಗೆ 2 ರೂ. ಕಡಿಮೆಗೆ ಡೀಸೆಲ್ ಹುಡುಕುವುದರಿಂದ ಯೂನಿಟ್ಟಿಗೆ ಉಳಿಯುವುದು ಒಂದು ರೂಪಾಯಿ ಮಾತ್ರ. ರಾತ್ರಿಯ ಹಗುರ ಹೊರೆಗೆ ಇನ್ವರ್ಟರ್ ಅಥವಾ ಸಣ್ಣ ಜನರೇಟರ್ ಇರಿಸಿಕೊಂಡರೆ ಉಳಿಯುವುದು ಅದರ ಹತ್ತು ಹದಿನೈದು ಪಟ್ಟು.

ದೋಣಿಗಳ ವಿಷಯದಲ್ಲಿ ವೇಗವೇ ಇಂಧನವನ್ನು ತಿನ್ನುತ್ತದೆ. ನೀರನ್ನು ಸೀಳಿಕೊಂಡು ಸಾಗುವ ಪ್ರಯಾಣಿಕ ದೋಣಿಗಳಲ್ಲಿ ಬೇಕಾಗುವ ಶಕ್ತಿಯು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ. 10ರಷ್ಟು ತಗ್ಗಿಸಿದರೆ ಒಂದು ಸುತ್ತಿನ ಇಂಧನ ಶೇ. 19ರಷ್ಟು ಕಡಿಮೆಯಾಗುತ್ತದೆ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪದಂತಹ ಪ್ರಯಾಣ 30 ನಿಮಿಷದ್ದೆಂದು ಇಟ್ಟುಕೊಂಡರೆ ಅದು 33 ನಿಮಿಷವಾಗುತ್ತದೆ. ಪ್ರವಾಸಿಗೆ ಮೂರು ನಿಮಿಷ ತಡವಾದದ್ದು ಗೊತ್ತಾಗುವುದೂ ಇಲ್ಲ. ಮಾಲೀಕನಿಗಾದರೋ ಯಾವ ಗಡಿಯಾಚೆಯೂ ಸಿಗದಷ್ಟು ದೊಡ್ಡ ರಿಯಾಯಿತಿ ಇದು. ದೋಣಿಯ ತಳಕ್ಕೆ ಅಂಟಿದ ಪಾಚಿ ಮತ್ತು ಚಿಪ್ಪುಗಳನ್ನು ಕಾಲಕಾಲಕ್ಕೆ ತೆಗೆಸುವುದರಿಂದಲೂ ಇಂಧನ ಉಳಿಯುತ್ತದೆ.

ಅಗ್ಗದ ಹೆಸರಿನ ಅಪಾಯಗಳು

ಕರಾವಳಿಯಲ್ಲಿ ಮೂರು ಪ್ರಲೋಭನೆಗಳು ಸದಾ ಇರುತ್ತವೆ. ಮೊದಲನೆಯದು ಮೀನುಗಾರರ ಡೀಸೆಲ್. ಯಾಂತ್ರೀಕೃತ ಮೀನುಗಾರಿಕೆ ದೋಣಿಗಳಿಗೆ ಕರ್ನಾಟಕ ಸರ್ಕಾರ ಮಾರಾಟ ತೆರಿಗೆ ರಹಿತ ಡೀಸೆಲ್ ಒದಗಿಸುತ್ತದೆ. 2023ರ ಜುಲೈ ತಿಂಗಳ ಆಯವ್ಯಯದಲ್ಲಿ ಇದರ ವಾರ್ಷಿಕ ಮಿತಿಯನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷ ಕಿಲೋಲೀಟರಿಗೆ ಹೆಚ್ಚಿಸಲಾಯಿತು. ಈ ರಿಯಾಯಿತಿ ಮೀನುಗಾರಿಕೆಗೆ ಮಾತ್ರ. ಅದು ಪ್ರವಾಸಿ ದೋಣಿಗೋ ವಸತಿಗೃಹದ ಜನರೇಟರಿಗೋ ಬಂದರೆ ಕೊಟ್ಟವರೂ ಕೊಂಡವರೂ ತಪ್ಪಿತಸ್ಥರು. ಜೊತೆಗೆ ನಿಜವಾದ ಮೀನುಗಾರರ ಸೌಲಭ್ಯಕ್ಕೇ ಕುತ್ತು ಬರುವ ಸಂಭವವಿದೆ.

ಎರಡನೆಯದು ಗೃಹ ಬಳಕೆಯ 14.2 ಕಿಲೋ ಸಿಲಿಂಡರು. ಇದನ್ನು ಖಾನಾವಳಿಯಲ್ಲಿ ಬಳಸುವುದು 2000ದ ಅಡುಗೆ ಅನಿಲ ಪೂರೈಕೆ ಆದೇಶದ ಉಲ್ಲಂಘನೆ. ಅಗತ್ಯ ವಸ್ತುಗಳ ಅಧಿನಿಯಮದಡಿ ಮೊಕದ್ದಮೆಗೆ ಅವಕಾಶವಿದೆ. ಬೆಂಕಿ ಅವಘಡವಾದಾಗ ವಿಮಾ ಕಂಪೆನಿಯು ಮೊದಲು ಕೇಳುವುದು ಇಂಧನದ ಬಿಲ್ಲನ್ನು. ಬಿಲ್ಲಿಲ್ಲದ ಸಿಲಿಂಡರಿನಿಂದ ವರ್ಷದಲ್ಲಿ ಉಳಿಸಿದ ಹಣಕ್ಕಿಂತ ಕಟ್ಟಡದ ಪರಿಹಾರ ಕೈತಪ್ಪುವ ನಷ್ಟ ಬಹಳ ದೊಡ್ಡದು.

ಮೂರನೆಯದು ಡೀಸೆಲಿಗೆ ಬದಲಿ ಎಂದು ಹೇಳಿ ಡ್ರಮ್ಮುಗಳಲ್ಲಿ ಮಾರುವ ಕೈಗಾರಿಕಾ ಎಣ್ಣೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಎಂಜಿನ್‌ಗಳ ಇಂಜೆಕ್ಟರ್ ಹಾಗೂ ಹೊಗೆ ಶುದ್ಧೀಕರಣ ಸಾಧನಗಳು ಇಂತಹ ಎಣ್ಣೆಯನ್ನು ತಾಳಿಕೊಳ್ಳುವುದಿಲ್ಲ. ಒಂದು ದುರಸ್ತಿಯ ಬಿಲ್ಲಿಗೆ ಹಲವು ತಿಂಗಳ ಉಳಿತಾಯ ಹೋಗುತ್ತದೆ. ತಯಾರಕರ ವಾರಂಟಿಯೂ ಹೋಗುತ್ತದೆ.

ಅಳತೆ ಮತ್ತು ಗುಣಮಟ್ಟ

ದರ ಎಷ್ಟೇ ಕಡಿಮೆಯಿದ್ದರೂ ಅಳತೆ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಪ್ರತಿ ಬಂಕ್‌ನಲ್ಲಿಯೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರ್ ಅಳತೆ ಪಾತ್ರೆ ಇರಬೇಕು. ಗ್ರಾಹಕರು ಅದರಲ್ಲಿ ಅಳೆದು ತೋರಿಸುವಂತೆ ಕೇಳಬಹುದು; 5 ಲೀಟರಿಗೆ 25 ಮಿಲಿಲೀಟರ್‌ಗಿಂತ ಹೆಚ್ಚಿನ ವ್ಯತ್ಯಾಸ ಸಲ್ಲದು. ಫಿಲ್ಟರ್ ಕಾಗದದ ಮೇಲೆ ಪೆಟ್ರೋಲಿನ ಹನಿ ಹಾಕಿ ಪರೀಕ್ಷಿಸಲು ಹಾಗೂ ಸಾಂದ್ರತೆಯ ದಾಖಲೆಯನ್ನು ನೋಡಲು ಸಹ ಅವಕಾಶವಿದೆ.

2025ರಲ್ಲಿ ದೇಶವು ಪೆಟ್ರೋಲಿನಲ್ಲಿ ಶೇ. 20ರ ಎಥನಾಲ್ ಮಿಶ್ರಣದ ಗುರಿಯನ್ನು ತಲುಪಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಕರಾವಳಿಯ ತೇವದಲ್ಲಿ ಮಳೆಗಾಲವಿಡೀ ನಿಂತ ದೋಣಿಯ ಎಂಜಿನ್ ಅಥವಾ ಸಣ್ಣ ಪೆಟ್ರೋಲ್ ಜನರೇಟರಿನಲ್ಲಿ ನೀರು ಬೇರ್ಪಟ್ಟು ತಳದಲ್ಲಿ ನಿಲ್ಲುವ ಸಾಧ್ಯತೆಯಿದೆ. ಹಂಗಾಮು ಮುಗಿದೊಡನೆ ಇವುಗಳ ಟ್ಯಾಂಕ್ ಹಾಗೂ ಕಾರ್ಬ್ಯುರೇಟರ್ ಖಾಲಿ ಮಾಡಿಡುವುದು ಕ್ಷೇಮ.

ಕೂಡಿ ಕೊಳ್ಳುವ ಕ್ರಮ

ಸಣ್ಣ ಉದ್ಯಮಿಗೆ ಒಬ್ಬನೇ ಚೌಕಾಶಿ ಮಾಡುವ ಬಲವಿಲ್ಲ. ಒಂದು ಬೀದಿಯ ಹತ್ತು ವಸತಿಗೃಹಗಳು ಕೂಡಿ ಒಂದು ಲಾರಿ ಬ್ರಿಕೆಟ್ ತರಿಸಿಕೊಂಡರೆ ಸಾಗಾಣಿಕೆ ವೆಚ್ಚ ಹಂಚಿಹೋಗುತ್ತದೆ. ಮೀನುಗಾರರು ತಮ್ಮ ಸಹಕಾರ ಸಂಘಗಳ ಮೂಲಕ ಡೀಸೆಲ್ ಬಂಕ್‌ಗಳನ್ನೇ ನಡೆಸಿ ತೋರಿಸಿದ್ದಾರೆ. ಆದರೆ ಸಗಟು ಖರೀದಿ ಎಂದೊಡನೆ ಅಗ್ಗವೆಂದು ತಿಳಿಯಬಾರದು. 2022ರ ಮಾರ್ಚಿನಲ್ಲಿ ಸಗಟು ಗ್ರಾಹಕರ ಡೀಸೆಲ್ ದರ ಚಿಲ್ಲರೆ ದರಕ್ಕಿಂತ ಲೀಟರಿಗೆ ಸುಮಾರು 25 ರೂ. ಹೆಚ್ಚಾಗಿ, ಸಾರಿಗೆ ಸಂಸ್ಥೆಗಳ ಬಸ್ಸುಗಳೂ ಚಿಲ್ಲರೆ ಬಂಕ್‌ಗಳಿಗೆ ಬರಬೇಕಾಯಿತು.

ಒಂದು ತಿಂಗಳ ದಾಖಲೆ

ಮೇಲಿನ ಯಾವ ಲೆಕ್ಕಕ್ಕೂ ದುಬಾರಿ ಉಪಕರಣ ಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಒಂದು ತಿಂಗಳ ಕಾಲ ಈ ಐದು ಅಂಶಗಳನ್ನು ಬರೆದಿಟ್ಟರೆ ಸಾಕು:

1. ಕೊಂಡ ಇಂಧನದ ಪ್ರಮಾಣ, ದರ ಮತ್ತು ಬಿಲ್ಲಿನ ಸಂಖ್ಯೆ.

2. ಅದನ್ನು ತರಲು ತಗಲಿದ ದೂರ ಮತ್ತು ಸಮಯ.

3. ಅದರಿಂದ ಆದ ಕೆಲಸ: ಓಡಿದ ಕಿಲೋಮೀಟರ್, ಉತ್ಪಾದನೆಯಾದ ಯೂನಿಟ್, ತುಂಬಿದ ಕೊಠಡಿ, ಬೇಯಿಸಿದ ಊಟ.

4. ಮರಳಿ ದೊರೆತ ತೆರಿಗೆ ಜಮೆ.

5. ಯಂತ್ರದ ದುರಸ್ತಿ ಹಾಗೂ ನಿರ್ವಹಣೆಯ ವೆಚ್ಚ.

ತಿಂಗಳ ಕೊನೆಯಲ್ಲಿ ಒಟ್ಟು ವೆಚ್ಚವನ್ನು ಆದ ಕೆಲಸದಿಂದ ಭಾಗಿಸಿದರೆ ಬರುವ ಅಂಕಿಯೇ ಆ ಉದ್ಯಮದ ನಿಜವಾದ ಇಂಧನ ದರ. ಮುಂದಿನ ತಿಂಗಳು ಬಂಕ್, ಇಂಧನ, ಒಲೆ ಅಥವಾ ವೇಗ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ ಅಂಕಿಯನ್ನು ಮತ್ತೆ ನೋಡಬೇಕು. ಅಂಕಿ ಇಳಿದರೆ ಬದಲಾವಣೆ ಸರಿ. ಇಳಿಯದಿದ್ದರೆ ಅಗ್ಗವೆಂದು ಕಂಡದ್ದು ಅಗ್ಗವಲ್ಲ.

ತೆರಿಗೆಯ ದರ ಉದ್ಯಮಿಯ ಕೈಯಲ್ಲಿಲ್ಲ. ಕಚ್ಚಾತೈಲದ ಬೆಲೆಯಂತೂ ದೇಶದ ಕೈಯಲ್ಲಿಯೂ ಇಲ್ಲ. ಆದರೆ ಸೌದೆಯನ್ನು ಒಣಗಿಸುವುದು, ಒಲೆಯನ್ನು ಸುಧಾರಿಸುವುದು, ಜನರೇಟರಿಗೆ ತಕ್ಕ ಹೊರೆ ಹಾಕುವುದು, ದೋಣಿಯ ವೇಗ ತಗ್ಗಿಸುವುದು ಇವೆಲ್ಲ ಅವನ ಕೈಯಲ್ಲಿಯೇ ಇವೆ. ಬರುವ ಅಕ್ಟೋಬರಿನಲ್ಲಿ ಹಂಗಾಮಿನ ಬಾಗಿಲು ತೆರೆಯುವ ಮುನ್ನ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದ ಉದ್ಯಮಿಗೆ, ಗಡಿಯಾಚೆಯ ದರಫಲಕವನ್ನು ಹುಡುಕಿಕೊಂಡು ಹೋಗುವ ಅಗತ್ಯ ಬಹುಮಟ್ಟಿಗೆ ಇರಲಾರದು.